ಬಾಗಿಲು ಸದ್ದು ಮಾಡದ ಸಿನಿಮಾ

ವಿಕ್ರೋಳಿ ಪೂರ್ವ, ಮುಂಬಯಿ
ಮೇ 14, ಬುಧವಾರ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ

ಪ್ರೀತಿಯ ಮಗಾ ವಿಜೇತಾ,

ಹೇಗಿದ್ದೀ? ಹೊತ್ತುಹೊತ್ತಿಗೆ ಉಣ್ಣುತ್ತೀಯಾ? ಬೊರಿವಲಿಯ ನೀರು ಮೈಗೆ ಹಿಡಿಸಿತಾ? ಬೇಸಿಗೆ ಬಂತೆಂದರೆ ನಿನಗೆ ಮೂಗಿನಿಂದ ರಕ್ತ ಸೋರುತ್ತಿತ್ತಲ್ಲ, ಅದು ಈಗಲೂ ಉಂಟಾ? ಇದ್ದರೆ ತಲೆಗೆ ತಣ್ಣೀರಿನ ಬಟ್ಟೆ ಇಟ್ಟುಕೊ, ಬಿಸಿಲಿಗೆ ಬರಿತಲೆಯಲ್ಲಿ ತಿರುಗಬೇಡ. ಜುನೇದನೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಮಾವನಾದ ನಾನು ಕಲ್ಲುಗುಂಡಿನ ಹಾಗಿದ್ದೇನೆ. ಮೊಣಕಾಲು ಮಾತ್ರ ಸ್ಟೇಷನ್ನಿನ ಮೆಟ್ಟಲು ಕಂಡಕೂಡಲೇ ಮುಷ್ಕರ ಹೂಡುತ್ತದೆ. ಆದರೂ ದೋಸೆಕಲ್ಲಿನ ಮುಂದೆ ಈಗಲೂ ನನಗೆ ಸಮ ಯಾರೂ ಇಲ್ಲ. ಹೊಸದಾಗಿ ಬಂದ ಸಂತು ಹುಯ್ಯುವ ದೋಸೆ ಭಾರತದ ನಕ್ಷೆಯ ಹಾಗಿರುತ್ತದೆ, ಅದರಲ್ಲಿಯೂ ಕಾಶ್ಮೀರ ಹರಿದಿರುತ್ತದೆ. ಧಣಿಗಳೇ ಮೊನ್ನೆ ಗಿರಾಕಿಗಳೆದುರು, 'ಪೂವಪ್ಪ ಇರುವವರೆಗೆ ಈ ಹೊಟೇಲು' ಎಂದರು. ಹಾಗೆಂದು ಸಂಬಳದ ವಿಷಯ ಎತ್ತಿದರೆ ಅವರಿಗೆ ಕಿವಿ ಕೇಳುವುದಿಲ್ಲ.

ವಿಕ್ರೋಳಿಯಿಂದ ಬೊರಿವಲಿಗೆ ಅಂಚೆಯಲ್ಲಿ ಪತ್ರ ಹಾಕುವ ಮನುಷ್ಯ ಇಡೀ ಮುಂಬಯಿಯಲ್ಲಿ ನಾನೊಬ್ಬನೇ ಇರಬೇಕು. ಒಂದು ಲೋಕಲ್ ಹತ್ತಿ ದಾದರಿನಲ್ಲಿ ಇಳಿದು, ಸೇತುವೆ ದಾಟಿ ಇನ್ನೊಂದು ಲೋಕಲ್ ಹತ್ತಿದರೆ ನಿನ್ನ ಮನೆ. ಊರಿನಲ್ಲಿ ಹಾಲಿನ ಡೈರಿಗೆ ಹೋಗಿ ಬರುವಷ್ಟೇ ಹೊತ್ತು. ಆದರೆ ಕೆಲವು ದಾರಿಗಳಿಗೆ ಲೋಕಲ್ ಇಲ್ಲ, ಮಗಾ. ಫೋನು ಮಾಡೋಣವೆಂದರೆ ನೀನು ನಂಬರು ಬದಲಿಸಿದ್ದೀ. ಹೊಸ ನಂಬರು ಸಿಕ್ಕಿದರೂ ನಾನು ಮಾತಾಡುವುದೆಲ್ಲಿ? ಮನೆಯಲ್ಲಿ ಇರುವುದೊಂದೇ ಕೋಣೆ, ಅಲ್ಲಿ ನಿನ್ನಮ್ಮನ, ನನ್ನ ಅಕ್ಕನ ಕಿವಿ ಈಗ ಎಷ್ಟು ಚುರುಕೆಂದರೆ ನಾನು ಕಿಸೆಯಲ್ಲಿ ಬೀಡಿ ಮುಟ್ಟಿದರೂ ಅವಳಿಗೆ ತಿಳಿಯುತ್ತದೆ. ಹಾಗಾಗಿ ಹೊಟೇಲಿನ ಮೂಲೆಯ ಟೇಬಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ವಿಳಾಸ ಕೊಟ್ಟವರು ಧಾರಾವಿಯ ಅಲ್ಲಾವುದ್ದೀನರು, ಜುನೇದನ ದೊಡ್ಡಪ್ಪ. ಹೊಟೇಲಿನ ಚರ್ಮದ ಚೀಲ ಹೊಲಿಸುವ ನೆಪ ಮಾಡಿಕೊಂಡು ಅವರ ಅಂಗಡಿಗೆ ಹೋಗಿದ್ದೆ. ಬೈಗಳು ತಿನ್ನುವುದಕ್ಕೆ ಸಿದ್ಧನಾಗಿಯೇ ಹೋದವನು. ಅವರು ಚಹಾ ತರಿಸಿ, 'ಪೂವಪ್ಪಣ್ಣಾ, ನಿಮ್ ಹುಡುಗಿ ಆರಾಮ್ ಅದಾಳ್ರಿ, ಚಿಂತಿ ಮಾಡಬ್ಯಾಡ್ರಿ. ಆದ್ರ ಭಾಳ ಹಟಮಾರಿ. ವಿಕ್ರೋಳಿ ಅಂದ್ರ ಸಾಕು, ಎದ್ದು ಒಳಗ ಹೋಗ್ತಾಳ' ಎಂದರು. ನನಗೆ ನಗು ಬಂತು, ಅಳುವೂ ಬಂತು. ಹಟ ನಿನಗೆ ಎಲ್ಲಿಂದ ಬಂತೆಂದು ನನಗಲ್ಲದೆ ಇನ್ನಾರಿಗೆ ಗೊತ್ತು?

ಕನ್ನಡ ಓದುವುದು ನಿನಗೆ ತಡವರಿಸುತ್ತದೆಂದು ಗೊತ್ತು. ಹೊಟೇಲಿನ ಬೋರ್ಡಿನ ಮೇಲೆ ಬೆರಳಿಟ್ಟು ಇಡ್ಲಿಯ 'ಇ', ಉದ್ದಿನವಡೆಯ 'ಉ' ಎಂದು ನಿನಗೆ ಅಕ್ಷರ ಕಲಿಸಿದವನು ನಾನೇ. ಊರಿನ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ಕೈಬರಹದಲ್ಲಿ ನನಗೇ ಬಹುಮಾನ; ಏಳನೇ ಕ್ಲಾಸು ನಾನು ನೋಡಿಲ್ಲ, ಇಲ್ಲದಿದ್ದರೆ ಅಲ್ಲಿಯೂ ನನಗೇ ಬರುತ್ತಿತ್ತು. ಅರ್ಥವಾಗದ ಕಡೆ ನಿನ್ನ ಗಂಡ ಜುನೇದನಿಂದ ಓದಿಸಿಕೋ. ಬಿಜಾಪುರದ ಕಡೆಯ ಶಾಲೆಯಲ್ಲಿ ಕಲಿತವನು, ಅವನ ಕನ್ನಡ ನಿನ್ನದಕ್ಕಿಂತ ಗಟ್ಟಿ. ನೋಡು, ನಿನ್ನ ಗಂಡ ಎಂದು ಬರೆದೇಬಿಟ್ಟೆ. ನಾನು ಇಲ್ಲಿ ಬರೆದಿರುವ ಅಕ್ಕನ ಮಾತೆಲ್ಲ ಅವಳು ತುಳುವಿನಲ್ಲಿ ಆಡಿದ್ದು. ತುಳುವಿಗೆ ನಮ್ಮ ಶಾಲೆಯಲ್ಲಿ ಅಕ್ಷರ ಕಲಿಸಲಿಲ್ಲವಾದ್ದರಿಂದ ಕನ್ನಡಕ್ಕೆ ತಂದಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದೆ, ನೀನೇ ಬೆರೆಸಿಕೋ.

ಈಗ ಸಿನಿಮಾ ವರದಿ. ಮೇ ತಿಂಗಳೆಂದರೆ ನಮ್ಮಿಬ್ಬರ ತಿಂಗಳಾಗಿತ್ತಲ್ಲ, ಮಗಾ. ಊಟದ ಗಿರಾಕಿ ಇಳಿದು ಸಂಜೆಯ ತಿಂಡಿಯ ಗಿರಾಕಿ ಏರುವ ನಡುವಿನ ಬಿಡುವಿನಲ್ಲಿ, ಏಪ್ರನ್ ಕೂಡ ಬಿಚ್ಚದೆ ನಿನ್ನನ್ನು ಎಳೆದುಕೊಂಡು ಮ್ಯಾಟಿನಿಗೆ ಓಡುತ್ತಿದ್ದೆ. ನೀನು ಲಂಗ ಹಾಕುವಷ್ಟು ಚಿಕ್ಕವಳಿದ್ದಾಗ ಒಂದು ಸಿನಿಮಾದಲ್ಲಿ ಹೊಟೇಲಿನ ದೃಶ್ಯಕ್ಕೆ ನಮ್ಮನ್ನೆಲ್ಲ ಕರೆದಿದ್ದರು. ಹೀರೋಯಿನ್‌ನ ಮುಂದೆ ಚಹಾ ಇಡುವ ಮೊಣಕೈ ನನ್ನದು. ನೀನು ಕುರ್ಚಿಯ ಮೇಲೆ ಎದ್ದುನಿಂತು, 'ಮಾವನ ಕೈ! ಮಾವನ ಕೈ!' ಎಂದು ಕಿರುಚಿದ್ದಕ್ಕೆ ಇಡೀ ಟಾಕೀಸು ನನ್ನನ್ನು ತಿರುಗಿ ನೋಡಿತ್ತು. ಹೀರೋಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಆ ಮೇಲೆ ನೀನು ಕಾಲೇಜಿಗೆ ಹೋದೆ, ಕೆಲಸಕ್ಕೆ ಸೇರಿದೆ. ಆದರೂ ಬೇಸಿಗೆಯಲ್ಲಿ ನನ್ನ ವರದಿ ಬಾರದೆ ಯಾವ ಸಿನಿಮಾಕ್ಕೂ ಹೋಗುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಒಂದೂ ನೋಡಲಿಲ್ಲ. ಯಾರಿಗೆ ಹೇಳುವುದಕ್ಕೆ ನೋಡಬೇಕು?

ಈ ಬೇಸಿಗೆಯ ಮೊದಲನೆಯದು ಹೊಡೆದಾಟದ ಸಿನಿಮಾ. ಮಾಲ್ ಒಳಗಿನ ಥಿಯೇಟರು, ಐಸ್ ಪೆಟ್ಟಿಗೆಯ ಹಾಗೆ ತಂಪು. ಹೀರೋ ಎಡಗೈಯಲ್ಲಿ ಟೆಂಪೋ ಎತ್ತಿ ಬಿಸಾಡುತ್ತಾನೆ. ಟೆಂಪೋ ಹಾರುತ್ತದೆ, ಅದರೊಳಗಿನ ಬಾಳೆಗೊನೆಯೂ ಹಾರುತ್ತದೆ, ಕೆಳಗೆ ಬಿದ್ದಾಗ ಒಂದು ಹಣ್ಣೂ ಜಜ್ಜಿಹೋಗಿಲ್ಲ. ನಮ್ಮ ಹೊಟೇಲಿಗೆ ಬಾಳೆಗೊನೆ ಹಾಕುವವನು ಇದನ್ನು ನೋಡಿ ಕಲಿಯಬೇಕು. ವಿಲನ್ ಸಾಯುವ ಮುಂಚೆ ಮಾಡುವ ಭಾಷಣದ ಹೊತ್ತಿಗೆ ನಾನು ಮೂರು ಹಂಡೆ ಸಾಂಬಾರು ಕುದಿಸಬಲ್ಲೆ. ಒಟ್ಟಿನಲ್ಲಿ ಗಡದ್ದಾದ ಉಪ್ಪಿಟ್ಟು: ಹೊಟ್ಟೆ ತುಂಬುತ್ತದೆ, ಸಂಜೆಗೆ ಏನು ತಿಂದೆ ಎಂದು ಕೇಳಿದರೆ ನೆನಪಿಲ್ಲ. ಪಕ್ಕದಲ್ಲಿ ಕುಳಿತ ಅಕ್ಕ ಮಾತ್ರ ಪದೇಪದೇ, 'ಈಗ ಬಿದ್ದದ್ದು ಯಾರು ಪೂವಪ್ಪ? ಒಳ್ಳೆಯವನಾ, ಕೆಟ್ಟವನಾ?' ಎಂದು ಕೇಳುತ್ತಿದ್ದಳು. ಕೊನೆಗೆ ಬೇಜಾರಾಗಿ, 'ಗ್ರೈಂಡರಿನಲ್ಲಿ ಕಲ್ಲು ಹಾಕಿ ತಿರುಗಿಸಿದ ಹಾಗುಂಟು, ಮನೆಗೆ ಹೋಗುವ' ಎಂದಳು.

ನೀನು ಇಲ್ಲಿ ಓದು ನಿಲ್ಲಿಸಿದ್ದೀಯೆಂದು ನನಗೆ ಗೊತ್ತು. ಅಮ್ಮ ಸಿನಿಮಾಕ್ಕೆ ಬಂದಳಾ ಎಂದು ಕೇಳುತ್ತಿದ್ದೀ. 'ಕತ್ತಲೆಯಲ್ಲಿ ಕುಳಿತು ಇನ್ನೊಬ್ಬರ ಸಂಸಾರ ನೋಡುವ ಕೆಲಸ ನನಗೇಕೆ' ಎನ್ನುತ್ತಿದ್ದವಳು, ಬಿದ್ದದ್ದು ಯಾರೆಂದು ಏಕೆ ಕೇಳುತ್ತಾಳೆ ಎಂದೂ ಯೋಚಿಸುತ್ತಿದ್ದೀ. ಹೇಳಕೂಡದೆಂದು ಅವಳು ನನ್ನಿಂದ ದೈವದ ಮೇಲೆ ಆಣೆ ಹಾಕಿಸಿದ್ದಾಳೆ. ಹೇಳಕೂಡದೆಂದೇ ಆಣೆ, ಬರೆಯಕೂಡದೆಂದು ಅಲ್ಲ. ದೈವಕ್ಕೆ ಈ ವ್ಯತ್ಯಾಸ ತಿಳಿಯುತ್ತದೆ, ತಿಳಿಯದಿದ್ದರೆ ನಾನು ಊರಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬರುತ್ತೇನೆ.

ಅಕ್ಕನಿಗೆ ಈಗ ಕಣ್ಣು ಕಾಣುವುದಿಲ್ಲ, ಮಗಾ.

ನೀನು ಹೋದ ವರ್ಷವೇ ಶುರುವಾಗಿತ್ತು. ಸೀರೆಗೆ ಫಾಲ್ ಹೊಲಿಯುವಾಗ ನೂಲು ಎರಡೆರಡು ಕಾಣುತ್ತದೆ ಎನ್ನುತ್ತಿದ್ದಳು. ಬಲ್ಬ್ ಬದಲಿಸಿದೆವು, ಕನ್ನಡಕ ಬದಲಿಸಿದೆವು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ನರಗಳನ್ನು ತಿಂದಿದೆ, ತಡವಾಯಿತು ಎಂದರು ಡಾಕ್ಟರು. ಈಗ ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಇಡೀ ಚಾಳಿನಲ್ಲಿ ಅವಳ ಹೊಲಿಗೆ ಎಂದರೆ ಹೊಲಿಗೆ. ಸೀರೆಯ ಮೇಲಿನಿಂದ ಒಂದು ಟಾಕೆಯೂ ಕಾಣಬಾರದು. ಆ ಕೈ ಈಗ ಚಾಪೆಯ ಅಂಚನ್ನು ಸವರುತ್ತ ಕುಳಿತಿರುತ್ತದೆ. ನಿನಗೆ ತಿಳಿಸುತ್ತೇನೆ ಎಂದಾಗ ನನ್ನ ಮೇಲೆ ಹರಿಹಾಯ್ದಳು: 'ಬೇಡ. ಕುರುಡಿ ಅಂತ ಕನಿಕರಪಟ್ಟು ಬರುವ ಮಗಳು ನನಗೆ ಬೇಡ. ಮೆಟ್ಟಲು ಹತ್ತಬೇಡ ಅಂತ ಹೇಳಿದವಳು ನಾನು, ಕಣ್ಣು ಹೋಯಿತು ಬಾ ಅಂತ ಕರೆಯುವುದಾ?' ನೀನು ಹೊರಟ ದಿನ ಆ ಮಾತು ಅವಳ ಬಾಯಿಂದ ಬಂದಾಗ ನಾನು ಅಲ್ಲೇ ಇದ್ದೆ. ಆಡಿದವಳಿಗೂ ಅದು ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ, ಮೀನಿನ ಮುಳ್ಳಿನ ಹಾಗೆ. ಆದರೆ ಬಾಯಿ ತೆರೆದು ತೋರಿಸುವವಳಲ್ಲ.

ಏಪ್ರಿಲ್ ಇಡೀ ಅವಳು ಕೋಣೆ ಬಿಟ್ಟು ಕದಲಲಿಲ್ಲ. ಬಾಗಿಲಿನ ಸದ್ದು ಕೇಳುವುದೇ ಒಂದು ಕೆಲಸವಾಗಿತ್ತು. ನಮ್ಮ ಬಾಗಿಲಿನ ತಿರುಗಣಿಯ ಕಿರುಗುಟ್ಟುವಿಕೆ ನಿನಗೆ ನೆನಪಿರಬೇಕು. ಹತ್ತು ಸಲ ಎಣ್ಣೆ ಹಾಕು ಎಂದು ನನ್ನನ್ನು ಬೈಯುತ್ತಿದ್ದಳು. ಈಗ ಆ ಸದ್ದಿನಿಂದಲೇ ಬಂದವರು ಯಾರೆಂದು ಹೇಳುತ್ತಾಳೆ. ಪಕ್ಕದ ಖೋಲಿಯ ಸೌಮ್ಯಾ ಹೆದರಿಹೆದರಿ ತೆರೆಯುತ್ತಾಳಂತೆ, ನಾನು ಕಳ್ಳನ ಹಾಗೆ ತೆರೆಯುತ್ತೇನಂತೆ. ಒಂದು ದಿನ ಗಾಳಿಗೆ ಬಾಗಿಲು ಧಡ್ಡೆಂದು ತೆರೆದುಕೊಂಡಿತು. ಎರಡೂ ಕೈಯಲ್ಲಿ ಚೀಲ ಹಿಡಿದು ನೀನು ಕಾಲಿನಿಂದ ದೂಡುತ್ತಿದ್ದೆಯಲ್ಲ, ಹಾಗೆಯೇ. ಅಕ್ಕ ಅರ್ಧ ಎದ್ದಳು. ಮತ್ತೆ ಕುಳಿತಳು. ಆ ದಿನವೇ ನಾನು ತೀರ್ಮಾನಿಸಿದೆ, ಇವಳನ್ನು ಈ ಬಾಗಿಲಿನ ಮುಂದಿನಿಂದ ಎಬ್ಬಿಸಬೇಕು. ನನಗೆ ಗೊತ್ತಿದ್ದ ಮದ್ದು ಒಂದೇ, ಮ್ಯಾಟಿನಿ.

ಕತ್ತಲೆಯಲ್ಲಿ ಅವಳ ಕೈಹಿಡಿದು ಕುರ್ಚಿಗಳ ನಡುವೆ ನಡೆಸಿಕೊಂಡು ಹೋಗುವಾಗ ನನಗೆ ಏನೇನೋ ಆಯಿತು. ಸೋದರಮಾವನಾದವನು ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕು. ನೀನು ಹುಟ್ಟಿದಂದಿನಿಂದ ಆ ದಿನಕ್ಕೆಂದು ನಾನು ಒಂದು ಪಟ್ಟೆಪಂಚೆ ತೆಗೆದಿಟ್ಟಿದ್ದೆ, ಇಸ್ತ್ರಿ ಕೂಡ ಮಾಡಿಸಿಟ್ಟಿದ್ದೆ. ಆ ಕೈಗೆ ಈಗ ಸಿಕ್ಕಿದ್ದು ಈ ಕೆಲಸ. ಟಾರ್ಚ್ ಹಿಡಿದ ಹುಡುಗ, 'ಅಂಕಲ್, ಸಂಭಾಲ್ ಕೇ' ಎಂದ. ಅಕ್ಕ ನನ್ನ ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಕುಳಿತ ಮೇಲೂ ಬಿಡಲಿಲ್ಲ.

ಎರಡನೆಯದು ದೆವ್ವದ ಹಾಸ್ಯಸಿನಿಮಾ. ಒಂದು ಬಿಲ್ಡಿಂಗಿನ ಲಿಫ್ಟಿನಲ್ಲಿ ದೆವ್ವ ಸೇರಿಕೊಂಡಿದೆ, ಸೊಸೈಟಿಯ ಸೆಕ್ರೆಟರಿ ಅದಕ್ಕೆ ನೋಟಿಸು ಕೊಡುತ್ತಾನೆ. ಕಥೆ ಚೆನ್ನಾಗಿಯೇ ಉಂಟು. ಆದರೆ ಲಿಫ್ಟಿನ ಬಾಗಿಲು ತೆರೆಯುವ ಹೊತ್ತಿಗೆಲ್ಲ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೆದರಿ ಅಲ್ಲ; ಕಣ್ಣಿಗೆ ಎಸಿಯ ಗಾಳಿ ಬಡಿಯುತ್ತಿತ್ತು. 'ಎಂತ ಬಂತು? ಹೇಳು ಮಾರಾಯ' ಎಂದು ಅಕ್ಕ ತಿವಿದಾಗ, 'ಒಂದು ಬೆಳ್ಳಗಿನದು' ಎಂದೆ. 'ಬೆಳ್ಳಗಿನದು ಎಂತದು? ಹಾಲಿನವನಾ?' ಎಂದಳು. ಆಮೇಲೆ, 'ನೀನೂ ಕಣ್ಣು ಮುಚ್ಚಿದ್ದೀಯಾ? ಹಾಗಾದರೆ ಇಬ್ಬರು ಕುರುಡರು ಇಲ್ಲಿ ಕುಳಿತು ಎಂತ ಮಾಡುವುದು?' ಎಂದು ನಕ್ಕಳು. ನಿಜವಾಗಿ ನಕ್ಕಳು, ಮಗಾ. ನೀನು ಹೋದ ಮೇಲೆ ಆ ನಗು ನಾನು ಕೇಳಿರಲಿಲ್ಲ. ಆ ಸಿನಿಮಾ ಎಷ್ಟೇ ಕೆಟ್ಟದ್ದಿರಲಿ, ಬೆಣ್ಣೆ ಹಾಕಿದ ಮಸಾಲೆ ದೋಸೆ ಎಂದು ಬರೆದುಕೋ. ಮುಂದಿನ ಸಾಲಿನಲ್ಲಿದ್ದ ಸೊಲ್ಲಾಪುರದ ಕಡೆಯ ಹಿರಿಯರೊಬ್ಬರು ಇಂಟರ್‌ವಲ್‌ನಲ್ಲಿ ತಿರುಗಿ, 'ತಮ್ಮಾ, ನೀ ಹೇಳೂ ಕಥಿನೇ ಚಲೋ ಅದ ನೋಡು, ಪರದೆ ಮ್ಯಾಲಿಂದು ಏನೂ ಇಲ್ಲ' ಎಂದರು. ಅಲ್ಲಿಗೆ ನನ್ನ ತಲೆ ತಿರುಗಿತು. ವರದಿಗಾರನಾಗಿದ್ದವನು ಕಥೆಗಾರನೇ ಆಗಿಬಿಟ್ಟೆ.

ಅದರ ಫಲ ಮೂರನೆಯ ಸಿನಿಮಾದಲ್ಲಿ ಸಿಕ್ಕಿತು. ಅದು ದೊಡ್ಡ ಸಂಸಾರದ ಸಿನಿಮಾ. ಮನೆತುಂಬ ಜನ, ಅವರ ಮೈತುಂಬ ಜರಿ, ಅಡುಗೆಮನೆಗೂ ತೂಗುವ ಝೂಮರು ದೀಪ. ನಮ್ಮ ಧಣಿಗಳು ಹೊಟೇಲಿಗೆ ಒಂದು ಟ್ಯೂಬ್‌ಲೈಟ್ ಹಾಕಲು ಆರು ತಿಂಗಳು ಯೋಚಿಸುತ್ತಾರೆ. ಇಂಟರ್‌ವಲ್ ಕಳೆದ ಮೇಲೆ ಮಗಳು ತಾನು ಮೆಚ್ಚಿದವನ ಜೊತೆ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ, ತಾಯಿ ಅವಳ ಮುಖಕ್ಕೆ ಬಾಗಿಲು ಹಾಕುತ್ತಾಳೆ. ಇಂಥ ಸಿನಿಮಾ ಎಂದು ಮೊದಲೇ ಗೊತ್ತಿದ್ದರೆ ನಾನು ಕರೆದುಕೊಂಡು ಹೋಗುತ್ತಲೇ ಇರಲಿಲ್ಲ. ಎದ್ದುಹೋಗೋಣವೆಂದರೆ ಅಕ್ಕ ಅಲ್ಲಾಡುವುದಿಲ್ಲ. ನಾನು ಏನು ಮಾಡಿದೆ ಗೊತ್ತಾ? 'ಅಕ್ಕ, ತಾಯಿ ಎರಡೂ ಕೈ ಚಾಚಿ ಓಡಿಬರುತ್ತಿದ್ದಾಳೆ. ಮಗಳನ್ನು ಅಪ್ಪಿಕೊಂಡಳು. ಅಳಿಯನಿಗೂ ಆರತಿ ತಂದರು' ಎಂದೆ. ಅದೇ ಹೊತ್ತಿಗೆ ಪರದೆಯ ಮೇಲಿನ ತಾಯಿ ಥಿಯೇಟರ್ ಬಿರಿಯುವ ಹಾಗೆ, 'ನಿಕಲ್ ಜಾ ಮೇರೇ ಘರ್ ಸೇ!' ಎಂದು ಕೂಗಿದಳು. ಅಕ್ಕ ಈ ಊರಿಗೆ ಬಂದು ನಲವತ್ತು ವರ್ಷವಾಯಿತು, ನನಗಿಂತ ಚೆನ್ನಾಗಿ ಹಿಂದಿ ಬಲ್ಲವಳು. ಕಣ್ಣು ಹೋದವಳಿಗೆ ಕಿವಿ ಇದೆ ಎಂಬುದನ್ನು ಈ ಬುದ್ಧಿವಂತ ಮರೆತೇಬಿಟ್ಟಿದ್ದ. 'ಅಪ್ಪಿಕೊಂಡು ಹೊರಗೆ ಹೋಗು ಅಂತಾಳಾ?' ಎಂದಳು ಅಕ್ಕ. 'ಅದು ಬೆಕ್ಕಿಗೆ ಹೇಳಿದ್ದು' ಎಂದೆ ನಾನು. 'ದೊಡ್ಡ ಮನೆ ನೋಡು, ಬೆಕ್ಕುಗಳು ಜಾಸ್ತಿ.'

ಅಕ್ಕ ಸಿನಿಮಾ ಮುಗಿಯುವವರೆಗೂ ಆ ಬೆಕ್ಕಿನ ವಿಷಯ ಎತ್ತಲಿಲ್ಲ. ಮನೆಗೆ ಬಂದು, ಅನ್ನಕ್ಕೆ ಸಾರು ಕಲಸುತ್ತ, 'ಆ ಬೆಕ್ಕು ಮತ್ತೆ ಬಂತಾ ಪೂವಪ್ಪ?' ಎಂದು ಕೇಳಿದಳು. ಬಂತು ಎಂದೆ. 'ಬೆಕ್ಕಾದರೆ ಬರುತ್ತದೆ. ಅದಕ್ಕೆ ಮಾನ ಇಲ್ಲ' ಎಂದಳು. ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು. ಸಿನಿಮಾಕ್ಕೆ ಹಳಸಿದ ಚಟ್ನಿ ಎಂದು ಬರೆದುಕೋ. ಹಳಸಿದ್ದು ಅವರದೋ ನನ್ನದೋ ತಿಳಿಯದು.

ಇನ್ನು ಶಾರ್ಟ್ ಫಿಲಂಗಳ ವಿಷಯ. ಕಳೆದ ಭಾನುವಾರ ಇಲ್ಲಿನ ಕನ್ನಡ ಸಂಘದ ಹಾಲಿನಲ್ಲಿ ಹುಡುಗ ಹುಡುಗಿಯರು ತಾವೇ ತೆಗೆದ ಚಿಕ್ಕಚಿಕ್ಕ ಸಿನಿಮಾಗಳನ್ನು ತೋರಿಸಿದರು. ಗೋಳಿಬಜೆ, ಚಹಾ ನಮ್ಮ ಹೊಟೇಲಿನದ್ದು. ಹಾಗಾಗಿ ಮೊದಲ ಸಾಲಿನಲ್ಲಿ ನನಗೂ ಅಕ್ಕನಿಗೂ ಕುರ್ಚಿ. ಶಾರ್ಟ್ ಫಿಲಂ ಎಂದರೆ ಏನೆಂದು ನಿನಗೆ ಹೇಳುತ್ತೇನೆ ಕೇಳು: ನಾವು ಸರಿಯಾಗಿ ಕುಳಿತುಕೊಳ್ಳುವಷ್ಟರಲ್ಲಿ ಮುಗಿದುಹೋಗುತ್ತದೆ, ಆಮೇಲೆ ಅದನ್ನು ತೆಗೆದವನು ಮೈಕು ಹಿಡಿದು ಅದಕ್ಕಿಂತ ಎರಡರಷ್ಟು ಹೊತ್ತು ಅರ್ಥ ಹೇಳುತ್ತಾನೆ. ಮೊದಲನೆಯದರಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತದೆ. ಬರೀ ತೊಟ್ಟಿಕ್ಕುತ್ತದೆ. ನಾನು ಎದ್ದುಹೋಗಿ ಹಾಲಿನ ಹಿಂದಿನ ನಲ್ಲಿಯನ್ನು ತಿರುಗಿಸಿ ಬಂದೆ, ಅಷ್ಟು ನಂಬಿಕೆ ಬಂತು. ಎರಡನೆಯದರಲ್ಲಿ ಲೋಕಲ್ ಟ್ರೇನಿನ ಕಿಟಕಿಯಲ್ಲಿ ಒಬ್ಬಳು ಹುಡುಗಿ ಇಂಗ್ಲಿಷಿನಲ್ಲಿ ಒಳಗೊಳಗೇ ಮಾತಾಡಿಕೊಳ್ಳುತ್ತಾಳೆ. ನೂಕುನುಗ್ಗಲಿನ ಲೋಕಲಿನಲ್ಲಿ ಕಿಟಕಿಯ ಸೀಟು ಅವಳಿಗೆ ಯಾರು ಬಿಟ್ಟುಕೊಟ್ಟರೋ, ಅದನ್ನು ತೋರಿಸಿದ್ದರೆ ಒಳ್ಳೆಯ ಸಿನಿಮಾ ಆಗುತ್ತಿತ್ತು.

ಮೂರನೆಯದರಲ್ಲಿ ಮಾತೇ ಇರಲಿಲ್ಲ. ಹಾಡಿಲ್ಲ, ಸಂಗೀತವಿಲ್ಲ. ಪೊರಕೆಯ ಸದ್ದು, ಪಾತ್ರೆಯ ಸದ್ದು, ದೂರದಲ್ಲಿ ಟ್ರೇನು. ಒಂದು ಚಾಳು, ನಮ್ಮದೇ ಎನ್ನಬೇಕು, ಹಾಗುಂಟು. ಒಂದು ಖೋಲಿಯಲ್ಲಿ ವಯಸ್ಸಾದ ಹೆಂಗಸು ಒಬ್ಬಳೇ ಇದ್ದಾಳೆ. ಬೆಳಗಾದಕೂಡಲೇ ಮಂಚದ ಕೆಳಗಿನಿಂದ ಹರೆಯದ ಹುಡುಗಿಯ ಚಪ್ಪಲಿ ಒಂದು ಜೊತೆ ತೆಗೆದು, ಧೂಳು ಒರೆಸಿ, ಬಾಗಿಲ ಹೊರಗೆ ಇಡುತ್ತಾಳೆ. ಚಾಳಿನಲ್ಲಿ ಬಾಗಿಲ ಹೊರಗಿನ ಚಪ್ಪಲಿ ನೋಡಿಯೇ ಅಲ್ಲವೇ, ಯಾರು ಮನೆಯಲ್ಲಿದ್ದಾರೆ ಯಾರು ಇಲ್ಲ ಎಂದು ಜನ ಹೇಳುವುದು? ಹೋಗುವವರು ಬರುವವರು ಅದನ್ನು ನೋಡಿ, ಓ ಮಗಳು ಬಂದಿದ್ದಾಳೆ ಎಂಬಂತೆ ನಗುತ್ತಾರೆ. ಸಂಜೆ ಅವಳು ಚಪ್ಪಲಿ ಒಳಗೆ ತೆಗೆದಿಡುತ್ತಾಳೆ. ಮರುದಿನ ಮತ್ತೆ ಹೊರಗೆ. ಅಷ್ಟೇ ಕಥೆ.

'ಎಂತ ಆಗ್ತಾ ಉಂಟು?' ಎಂದು ಅಕ್ಕ ಕೇಳಿದಳು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಅವಳ ಕಿವಿಯಲ್ಲಿ ಹೇಳಿದೆ. ಸುಳ್ಳು ಸೇರಿಸುವ ಮನಸ್ಸೇ ಬರಲಿಲ್ಲ. ಅವಳು ನನ್ನ ಬೆರಳು ಹಿಡಿದುಕೊಂಡಳು. ಚಪ್ಪಲಿಯ ಬಣ್ಣ ಯಾವುದು ಎಂದಳು. ಕೆಂಪು ಎಂದೆ. ಪಟ್ಟಿ ಹರಿದಿದೆಯಾ ಎಂದಳು. ಇಲ್ಲ ಎಂದೆ. ಕೊನೆಯಲ್ಲಿ ಮಳೆ ಬರುತ್ತದೆ. ಆ ಹೆಂಗಸು ಓಡಿಬಂದು ನೆನೆದ ಚಪ್ಪಲಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ನಿಲ್ಲುತ್ತಾಳೆ. ಅಲ್ಲಿಗೆ ಕತ್ತಲೆ. ಯಾರೂ ಬರುವುದಿಲ್ಲ. ಯಾರೂ ಬರುವುದಿಲ್ಲ ಎಂದು ಆ ಕಿವಿಗೆ ನಾನು ಹೇಗೆ ಹೇಳಲಿ, ಮಗಾ? ಇಲ್ಲಿ ಮಾತೇ ಇಲ್ಲ, ಈ ಸಲ ಯಾರೂ 'ನಿಕಲ್ ಜಾ' ಎಂದು ಕೂಗಿ ನನ್ನನ್ನು ಹಿಡಿದುಕೊಡಲಾರರು ಎಂದುಕೊಂಡೆ. 'ಅಕ್ಕ, ಬಾಗಿಲು ತೆರೆದುಕೊಂಡಿತು. ಮಗಳು ಬಂದಳು. ಆ ಚಪ್ಪಲಿಯನ್ನೇ ಹಾಕಿಕೊಂಡಳು' ಎಂದೆ.

ಹಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅದು ನಿಂತ ಮೇಲೆ ಅಕ್ಕ ಮೆಲ್ಲಗೆ, ನನ್ನನ್ನು ಬೈಯದೆ, ತಪ್ಪು ಕಂಡುಹಿಡಿದ ದನಿಯಲ್ಲೂ ಅಲ್ಲದೆ, 'ಬಾಗಿಲಿನ ಸದ್ದೇ ಕೇಳಲಿಲ್ಲವಲ್ಲಾ ಪೂವಪ್ಪ' ಎಂದಳು.

ನಾನು ಬಾಯಿಬಡುಕ ಎಂದು ಊರಿಗೆಲ್ಲ ಗೊತ್ತು. ಯಾವ ಗಿರಾಕಿ ಏನು ಕೇಳಿದರೂ ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಇರುತ್ತದೆ. ಆ ದಿನ ಮಾತ್ರ ಎದ್ದುಹೋಗಿ ರಿಕ್ಷಾ ಕರೆದೆ. ಮನೆಯ ಮೆಟ್ಟಲು ಹತ್ತುವಾಗ ಅವಳು ನನ್ನ ಕೈ ಬಿಡಿಸಿಕೊಂಡು ಗೋಡೆ ಹಿಡಿದು ಒಬ್ಬಳೇ ಹತ್ತಿದಳು. ಆ ದಿನದಿಂದ ಸಿನಿಮಾಕ್ಕೆ ಕರೆದರೆ, 'ಸಾಕು, ನೋಡಿದ್ದಾಯಿತು' ಎನ್ನುತ್ತಾಳೆ. ನಿನ್ನೆ ಸಂಜೆ ಮಾತ್ರ ಒಂದು ವಿಚಿತ್ರ ನಡೆಯಿತು. ದಪ್ಪ ಸೂಜಿಗೆ ದಾರ ಪೋಣಿಸಿಕೊಡು ಎಂದಳು. ಯಾಕೆ, ಏನು ಹರಿದಿದೆ, ನಾನೇ ಹೊಲಿಯುತ್ತೇನೆ ಎಂದದ್ದಕ್ಕೆ, 'ನಿನ್ನ ದೋಸೆ ನೀನು ನೋಡಿಕೋ' ಎಂದು ಗದರಿಸಿದಳು. ಪೋಣಿಸಿಕೊಟ್ಟು ಕೆಲಸಕ್ಕೆ ಬಂದೆ.

ಇಲ್ಲಿಗೆ ಈ ಬೇಸಿಗೆಯ ವರದಿ ಮುಗಿಯಿತು. ಆ ಮೂರನೆಯ ಚಿಕ್ಕ ಸಿನಿಮಾಕ್ಕೆ ಏನು ಬರೆದುಕೊಳ್ಳಬೇಕೆಂದು ನನ್ನನ್ನು ಕೇಳಬೇಡ. ನಮ್ಮ ಬೋರ್ಡಿನಲ್ಲಿರುವ ಯಾವ ತಿಂಡಿಯೂ ಅದಕ್ಕೆ ಹೊಂದುವುದಿಲ್ಲ. ನಿನ್ನನ್ನು ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಬಾಗಿಲು ಅವಳದು, ಹಟ ನಿಮ್ಮಿಬ್ಬರದು. ನೀನು ಬಾರದಿದ್ದರೆ ನಾನು ಬೇಸರಪಡುವುದಿಲ್ಲ ಎಂದು ಬರೆಯಲು ಹೊರಟೆ, ಕೈ ಮುಂದೆ ಹೋಗಲಿಲ್ಲ. ಸುಳ್ಳು ಹೇಳಿ ಹೇಳಿ ಸಾಕಾಗಿದೆ.

ಅಲ್ಲಾವುದ್ದೀನರಿಗೆ ನನ್ನ ಸಲಾಮು ತಿಳಿಸು. ಚೀಲ ಬಹಳ ಚೆನ್ನಾಗಿ ಬಂದಿದೆ, ಧಣಿಗಳು ಅದನ್ನು ಹೆಂಡತಿಗೂ ಮುಟ್ಟಲು ಕೊಡುವುದಿಲ್ಲ. ಜುನೇದನಿಗೆ ನನ್ನ ಆಶೀರ್ವಾದ. ಹೊಟ್ಟೆತುಂಬ ಉಣ್ಣು, ಬಿಸಿಲಿಗೆ ತಿರುಗಬೇಡ. ನೀವಿಬ್ಬರೂ ನೂರು ಕಾಲ ತಂಪಾಗಿರಿ.

ನಿನ್ನನ್ನು ಮಂಟಪಕ್ಕೆ ಕರೆತರಲಾಗದ, ಆದರೂ ನಿನ್ನವನೇ ಆದ
ಪೂವಪ್ಪ ಮಾವ
(ಸಿನಿಮಾದಲ್ಲಿ ಮೊಣಕೈಯಾಗಿ ನಟಿಸಿದವನು)

ತಾ.ಕ.: ಗುರುವಾರ ಬೆಳಿಗ್ಗೆ. ಪತ್ರ ನಿನ್ನೆ ಅಂಚೆಗೆ ಹಾಕಲಾಗಲಿಲ್ಲ, ಒಳ್ಳೆಯದೇ ಆಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ದೋಸೆಕಲ್ಲು ಕಾದಿದೆ. ಇವತ್ತು ಕೆಲಸಕ್ಕೆ ಹೊರಟು ಬಾಗಿಲು ತೆರೆದರೆ ನನ್ನ ಕಾಲಿಗೆ ಏನೋ ತೊಡರಿತು. ನಿನ್ನ ಹಳೆಯ ನೀಲಿ ಚಪ್ಪಲಿ. ಜುನೇದ ತಂದ ಹೊಸದನ್ನು ಮೆಟ್ಟಿಕೊಂಡು ಹೊರಟೆಯಲ್ಲ, ಆ ದಿನ ಪಟ್ಟಿ ಹರಿದದ್ದೆಂದು ಬಿಟ್ಟುಹೋದದ್ದು. ಅದು ಅಟ್ಟದ ಮೇಲೆ ಗೋಣಿಯಲ್ಲಿತ್ತು. ಆ ಕಣ್ಣಿಲ್ಲದವಳು ಯಾವಾಗ ಸ್ಟೂಲು ಹತ್ತಿದಳೋ, ಹೇಗೆ ಇಳಿದಳೋ, ದೇವರೇ ಬಲ್ಲ. ಹರಿದ ಪಟ್ಟಿ ಹೊಲಿದಿದ್ದಾಳೆ. ಒಂದು ಟಾಕೆ ಮೇಲೆ, ಒಂದು ಟಾಕೆ ಕೆಳಗೆ, ಎಲ್ಲ ಸೊಟ್ಟ. ಅವಳ ಕೈಯಿಂದ ಇಷ್ಟು ಕೆಟ್ಟ ಹೊಲಿಗೆ ನಾನು ಜನ್ಮದಲ್ಲಿ ಕಂಡಿಲ್ಲ. ನಾನು ತಿರುಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಬಂದವಳ ಹಾಗೆ. ಚಪ್ಪಲಿ ಹೊರಗೇ ಉಂಟು, ಮಗಾ. ಚಾಳಿನಲ್ಲಿ ಹೊರಗಿಟ್ಟ ಚಪ್ಪಲಿ ಎಷ್ಟು ದಿನ ಉಳಿಯುತ್ತದೆಂದು ನಿನಗೆ ಗೊತ್ತು; ಮಳೆಯೂ ಹತ್ತಿರ ಬಂತು. ಬಾಗಿಲಿಗೆ ಹಾಕಲೆಂದು ಕೊನೆಗೂ ತಂದಿಟ್ಟಿದ್ದ ಎಣ್ಣೆಯನ್ನು ಇವತ್ತು ಸೌಮ್ಯಾಳಿಗೆ ಕೊಟ್ಟುಬಿಟ್ಟೆ. ಮಧ್ಯಾಹ್ನ ಅಕ್ಕ ಒಬ್ಬಳೇ ಇರುತ್ತಾಳೆ, ಚಿಲಕ ಹಾಕಿರುವುದಿಲ್ಲ. ಬರುವುದಾದರೆ ಮೆಲ್ಲಗೆ ತೆರೆಯಬೇಡ, ಬಡಿಯಲೂ ಬೇಡ. ಕಾಲಿನಿಂದಲೇ ದೂಡು.